ಮೂರನೇ ದ್ವೀಪದ ರಾಜ

ಹುಲಿಗುಡ್ಡದ ಗುಮ್ಮಟರಾಯನಿಗೆ ತನ್ನ ಮುಖದ ಮೇಲೆ ವಿಪರೀತ ಪ್ರೀತಿ. ಅರಮನೆಯ ಗೋಡೆಗೋಡೆಗೂ ತನ್ನ ಚಿತ್ರ ಬರೆಸಿ ಹಾಕಿಸಿದ್ದ. ಹಾದುಹೋಗುವವರೆಲ್ಲ ಅದಕ್ಕೆ ಕೈಮುಗಿಯಬೇಕು. ರಾಯರ ಚಿತ್ರಕ್ಕೆ ಕೇಡು ಮಾಡಿದವರು ಎಷ್ಟೇ ದೊಡ್ಡವರಾಗಿರಲಿ, ತಲೆ ಬೋಳಿಸಿ ಕತ್ತೆಯ ಮೇಲೆ ಮೆರವಣಿಗೆ ಮಾಡತಕ್ಕದ್ದು ಎಂದು ಡಂಗುರ ಬೇರೆ ಹೊಡೆಸಿದ್ದ.

ಒಂದು ದಿನ ಪುಸ್ತಕ ಭಂಡಾರದ ಮುದುಕ ಅಚ್ಯುತಯ್ಯ ಸಭೆಗೆ ಒಂದು ಪುಸ್ತಕ ತಂದ. ಹಡಗಿನ ವ್ಯಾಪಾರಿಯಿಂದ ಕೊಂಡದ್ದು, ನೂರು ವರ್ಷ ಹಳೆಯದು. ದಾರಿ ತಪ್ಪಿದ ನಾವಿಕನೊಬ್ಬ ದ್ವೀಪದಿಂದ ದ್ವೀಪಕ್ಕೆ ಅಲೆಯುವ ನಗೆಕತೆ. ದ್ವೀಪಕ್ಕೊಬ್ಬ ಪೆದ್ದ ರಾಜ, ಪುಟಪುಟಕ್ಕೂ ಬಣ್ಣದ ಚಿತ್ರ.

ರಾಯ ಹೊಟ್ಟೆ ಹಿಡಿದುಕೊಂಡು ನಗುತ್ತ ಪುಟ ತಿರುವಿದ. ಮೂರನೇ ದ್ವೀಪಕ್ಕೆ ಬಂದದ್ದೇ ನಗು ನಿಂತಿತು. ಅಲ್ಲಿಯ ರಾಜ ತಾನು ಸೀನಿದಾಗಲೆಲ್ಲ ನಗಾರಿ ಹೊಡೆಸುವಂಥವನು. ಚಿತ್ರದಲ್ಲಿ ರಾಯನದೇ ಬದನೆಕಾಯಿ ಮೂಗು, ಕಿವಿಯವರೆಗೆ ಹೊರಟ ಅದೇ ಮೀಸೆ. ಹಿಂದಿನಿಂದ ಇಣುಕಿದ ಸೇನಾಪತಿಗೆ ಕೆಮ್ಮು ಬಂತು. ಕೆಮ್ಮೇನು, ನಗುವೇ ಅದು.

“ಇದು ನಾನೇ” ಎಂದು ರಾಯ ಕೆಂಡವಾದ. ನಾಳೆ ಬೆಳಿಗ್ಗೆ ಅಂಗಳದಲ್ಲಿ ಪುಸ್ತಕವನ್ನು ತನ್ನ ಕೈಯಾರೆ ಸುಡುವುದಾಗಿಯೂ, ಮುದುಕ ನಾಳೆ ಸಂಜೆಯೊಳಗೆ ಗಡಿ ದಾಟಬೇಕೆಂದೂ ಹೇಳಿಬಿಟ್ಟ. ಎಂಬತ್ತರ ಜೀವ, ಎಲ್ಲಿಗೆ ಹೋದೀತು ಪಾಪ. ಅಚ್ಯುತಯ್ಯ ನೆಟ್ಟಗೆ ವಿದೂಷಕ ಕೆಂಚಣ್ಣನ ಜಗಲಿಗೆ ಹೋಗಿ ಕೂತು ಅತ್ತುಬಿಟ್ಟ. ಕೆಂಚಣ್ಣ ಮಜ್ಜಿಗೆ ಕೊಟ್ಟು, ಗಂಟುಮೂಟೆ ಕಟ್ಟಬೇಡಿ ಅಯ್ಯನವರೇ ಅಂದ.

ಬೆಳಿಗ್ಗೆ ರಾಯ ಪಂಜು ಹಿಡಿದು ಬಂದರೆ ಕೆಂಚಣ್ಣ ಆಗಲೇ ಹಾಜರು. ಕೈಯಲ್ಲಿ ಒಂದು ಕತ್ತೆಯ ಹಗ್ಗ. ಪಕ್ಕದಲ್ಲಿ ಕತ್ತಿ ಮಸೆಯುತ್ತ ಕೂತ ಕ್ಷೌರಿಕ.

“ಇದೆಲ್ಲ ಯಾರಿಗಯ್ಯಾ?” ಎಂದು ರಾಯ ಕೇಳಿದ.

“ತಮಗೇ ಮಹಾಸ್ವಾಮಿ. ರಾಯರ ಚಿತ್ರ ಸುಡುವವರಿಗೆ ಏನು ಮಾಡಬೇಕೆಂದು ತಮ್ಮದೇ ಅಪ್ಪಣೆ ಇದೆಯಲ್ಲ. ಕತ್ತೆ ಮಾತ್ರ ಸಾಧುವಾದದ್ದನ್ನೇ ಆರಿಸಿ ತಂದಿದ್ದೇನೆ.”

ಕತ್ತೆ ರಾಯನನ್ನು ಮೇಲಿಂದ ಕೆಳಗೆ ನೋಡಿತು. ರಾಯ ಗಾಬರಿಯಲ್ಲಿ ಪಂಜನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. ಶಲ್ಯಕ್ಕೆ ಹತ್ತಿಕೊಂಡೀತೆಂದು ಸೇನಾಪತಿ ಓಡಿಬಂದು ಕಿತ್ತುಕೊಂಡ.

“ಅದು ನಾನಲ್ಲ” ಅಂದ ರಾಯ ಮೆಲ್ಲಗೆ. “ಯಾವನೋ ದ್ವೀಪದವನು.”

“ಹಾಗಾದರೆ ಅಚ್ಯುತಯ್ಯನವರ ತಪ್ಪೇನು ಮಹಾಸ್ವಾಮಿ?”

ಮುದುಕ ಭಂಡಾರದಲ್ಲೇ ಇರಲಿ, ಪುಸ್ತಕವೂ ಇರಲಿ ಎಂದು ಅಪ್ಪಣೆಯಾಯಿತು. ಆದರೂ ಸೋತ ಹೊಟ್ಟೆಯುರಿ ಬಿಡಬೇಕಲ್ಲ. “ಪಾಪ, ಈ ಕ್ಷೌರಿಕನನ್ನು ಸುಮ್ಮನೆ ಕರೆತಂದೆ. ಇವನಿಗೆ ಈಗ ಏನು ಕೆಲಸ ಕೊಡ್ತೀಯ?” ಎಂದು ಕೆಣಕಿದ.

ಕೆಂಚಣ್ಣ ಕೈಮುಗಿದ. “ತಮ್ಮ ಮೀಸೆ ತೆಗೆದುಬಿಡಲಿ ಮಹಾಸ್ವಾಮಿ. ಚಿತ್ರದವನು ತಾವಲ್ಲ ಅಂತ ಸದ್ಯಕ್ಕೆ ನಾವಿಬ್ಬರೇ ನಂಬಿರುವುದು. ಊರೂ ನಂಬಬೇಕಲ್ಲ.”