ವಾಲದ ಗಾಡಿ

೨೦೧೧ನೇ ಇಸವಿ, ನವೆಂಬರ್ ೧೩, ರವಿವಾರ. ನನ್ನ ದಿನಚರಿಯಲ್ಲಿ ಆ ದಿನದ ಪುಟ ಒಂದು ಪ್ರಶ್ನೆಯಿಂದ ಶುರುವಾಗುತ್ತದೆ: "ಮನಸ್ಸು ವಾಲದಂತೆ ಮಾಡುವುದು ಹೇಗೆ?"

ಕೇಳಿದವರು ಶಾಂತವೀರಪ್ಪ ಮುಳಗುಂದ. ಸೇತುವೆಗಳನ್ನು ಕಟ್ಟಿಸಿ ನಿವೃತ್ತರಾದ ಇಂಜಿನಿಯರು. ಧಾರವಾಡದ ಹೊರಗಿನ ಚಿಕ್ಕ ಮಠದಲ್ಲಿ ನಮ್ಮ ಗುರುಗಳು ರವಿವಾರ ಬೆಳಿಗ್ಗೆ ಪಾಠ ಹೇಳುತ್ತಿದ್ದರು. ನಾವು ಹತ್ತು ಹನ್ನೆರಡು ಜನ ಹೋಗುತ್ತಿದ್ದೆವು. ಶಾಂತವೀರಪ್ಪನವರು ಆ ವರ್ಷ ಮನೆ ಬಿಟ್ಟು ಮಠದಲ್ಲೇ ಒಂದು ಕೋಣೆ ಹಿಡಿದಿದ್ದರು. ನಾನು ಬಿ.ಎ. ಮುಗಿಸಿದ ವರ್ಷದಿಂದ ದಿನಚರಿ ಬರೆಯುತ್ತಿದ್ದೇನೆ, ಕೇಳಿದ ಮಾತನ್ನು ಅಂದೇ ಬರೆದಿಡುತ್ತೇನೆ. ಆದ್ದರಿಂದ ಇದು ನೆನಪಿನಿಂದ ಬರೆದದ್ದಲ್ಲ.

"ಧ್ಯಾನಕ್ಕ ಕೂತ್ರ ಮನಸ್ಸು ಒಂದ ಕಡೆ ವಾಲ್ತದರೀ, ಅಜ್ಜಾರ. ನೆಟ್ಟಗ ನಿಲ್ಲೂದಿಲ್ಲ," ಎಂದರು ಶಾಂತವೀರಪ್ಪ.

"ಯಾವ ಕಡೆ?" ಗುರುಗಳು ಕೇಳಿದರು.

"ಮನಿ ಕಡೆ."

"ಮನಿ ಕಡೆನೋ, ಮನಿಯವರ ಕಡೆನೋ?"

ನಾವು ನಕ್ಕೆವು. ಶಾಂತವೀರಪ್ಪ ನಗಲಿಲ್ಲ. "ಆಕಿ ಕಡೇನ ರೀ. ವಾಲೂದನ್ನ ನಿಲ್ಲಸಬೇಕು. ಏನರ ಉಪಾಯ ಹೇಳ್ರಿ," ಎಂದರು.

ಗುರುಗಳು ಉಪಾಯ ಹೇಳಲಿಲ್ಲ. ಈ ಕತೆ ಹೇಳಿದರು.

ಒಬ್ಬ ಹತ್ತಿಯ ವ್ಯಾಪಾರಿ ಇದ್ದ. ಒಂದು ದಿನ ಅವನ ಹೆಂಡತಿಯ ತವರಿನಿಂದ ಫೋನು ಬಂತು. ಅವಳ ತಾಯಿಗೆ ಕಡೆಗಾಲ, ಬೇಗ ಬನ್ನಿ ಎಂದರು. ಅಂದು ಪೇಟೆಯಲ್ಲಿ ಹತ್ತಿಯ ಲಿಲಾವು, ಹರಾಜಿನ ದಿನ. ವ್ಯಾಪಾರಿ, "ಲಿಲಾವು ಮುಗಿಯಲಿ, ಹೋಗೋಣ" ಎಂದ. ಅವರು ಊರು ಮುಟ್ಟಿದಾಗ ಮಣ್ಣು ಮಾಡಿ ಜನ ಮರಳುತ್ತಿದ್ದರು.

ಹೆಂಡತಿ ಅವನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿನಿಂದ ಅವಳು ಬೇಕಾದಷ್ಟು ಮಾತ್ರ ಮಾತಾಡಿದಳು. ಊಟ ಬಡಿಸಿದೆ ಎನ್ನುತ್ತಿದ್ದಳು. ಹಾಲಿನವನು ಬಂದಿದ್ದ ಎನ್ನುತ್ತಿದ್ದಳು. ಹೀಗೆ ವರ್ಷಗಳು ಕಳೆದವು. ವ್ಯಾಪಾರಿಗೆ ತಾನು ಮಾಡಿದ್ದು ತಪ್ಪು ಎಂದು ಗೊತ್ತಿತ್ತು. ಅದನ್ನು ಹೇಳುವುದು ಹೇಗೆಂದು ಗೊತ್ತಿರಲಿಲ್ಲ.

ಇನ್ನು ಮೇಲೆ ಎಲ್ಲಿಗೂ ತಡವಾಗಬಾರದೆಂದು ಅವನು ಒಂದು ದೊಡ್ಡ ಗಾಡಿ ಕೊಂಡ. ಪೇಟೆಯಲ್ಲಿ ಅಷ್ಟು ದೊಡ್ಡದು, ಅಷ್ಟು ಬೆಲೆಯದು ಮತ್ತೊಂದಿರಲಿಲ್ಲ. ಎತ್ತರ, ಅಗಲ, ಎರಡೂವರೆ ಟನ್ ಭಾರ. ಚಾಲಕನನ್ನೂ ಇಟ್ಟ. ತಿಂಗಳಿಗೊಮ್ಮೆ ಗಂಡ ಹೆಂಡತಿ ಅದರಲ್ಲಿ ಕುಳಿತು ಘಟ್ಟ ಇಳಿದು ಕರಾವಳಿಯಲ್ಲಿದ್ದ ಮಗಳ ಮನೆಗೆ ಹೋಗುತ್ತಿದ್ದರು.

ಹಿಂದಿನ ಸೀಟಿನಲ್ಲಿ ಅವಳು ಎಡ ಕಿಟಕಿಗೆ, ಅವನು ಬಲ ಕಿಟಕಿಗೆ. ನಡುವೆ ಇನ್ನೊಬ್ಬರು ಕೂರುವಷ್ಟು ಜಾಗ. ಅಲ್ಲಿ ಅವನ ಪತ್ರಿಕೆ, ಅವಳ ಬುತ್ತಿಯ ಚೀಲ.

ಬಯಲಿನಲ್ಲಿ ಗಾಡಿ ನೆಟ್ಟಗೆ ಹೋಗುತ್ತಿತ್ತು. ಘಟ್ಟದಲ್ಲಿ ಹಾಗಲ್ಲ. ಎತ್ತರದ ಗಾಡಿ, ಭಾರದ ಗಾಡಿ, ತಿರುವಿಗೆ ಬಂದರೆ ತುಂಬಿದ ಬಂಡಿಯಂತೆ ಒಂದು ಮಗ್ಗುಲಿಗೆ ವಾಲುತ್ತಿತ್ತು. ರಸ್ತೆ ಬಲಕ್ಕೆ ತಿರುಗಿದಾಗ ಗಾಡಿ ಎಡಕ್ಕೆ ವಾಲುತ್ತಿತ್ತು. ಆಗ ವ್ಯಾಪಾರಿ ಕಿಟಕಿಯ ಮೇಲಿನ ಹಿಡಿಕೆಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದ. ಅಂಥ ಹಿಡಿಕೆ ಪ್ರತಿ ಬಾಗಿಲಿಗೂ ಒಂದೊಂದು ಇತ್ತು. ಮಾತಾಡದ ಹೆಂಡತಿಯ ಮೇಲೆ ಹೋಗಿ ಬೀಳುವುದು ಅವನಿಗೆ ಸರಿ ಕಾಣಲಿಲ್ಲ. ರಸ್ತೆ ಎಡಕ್ಕೆ ತಿರುಗಿದಾಗ ಗಾಡಿ ಬಲಕ್ಕೆ ವಾಲುತ್ತಿತ್ತು. ಆಗ ಅವಳು ಆ ನುಣುಪು ಸೀಟಿನ ಮೇಲೆ ಜಾರಿ ಬಂದು ಅವನ ತೋಳಿಗೆ ತಾಗುತ್ತಿದ್ದಳು. ತಿರುವು ಮುಗಿಯುವವರೆಗೆ ಹಾಗೇ ಇರುತ್ತಿದ್ದಳು. ಆಮೇಲೆ ಸೆರಗು ಸರಿಮಾಡಿಕೊಂಡು ಕಿಟಕಿಗೆ ಸರಿಯುತ್ತಿದ್ದಳು. ಇಬ್ಬರೂ ಹೊರಗೆ ನೋಡುತ್ತಿದ್ದರು.

ವ್ಯಾಪಾರಿ ಅದನ್ನು ತಿಂಗಳುಗಟ್ಟಲೆ ನೋಡಿದ. ಇವಳಿಗೆ ಎಷ್ಟು ತ್ರಾಸ ಎಂದುಕೊಂಡ. ಇವಳಿಗೆ ನಾನು ಮಾಡಬಹುದಾದದ್ದು ಇದೊಂದಾದರೂ ಇದೆ ಎಂದುಕೊಂಡ. ಪ್ರಯಾಣ ಸುಖವಾದರೆ ಒಂದು ದಿನ ಈ ಸೀಟಿನಲ್ಲೇ ಅವಳು ಮೊದಲಿನಂತೆ ಒಂದು ಮಾತು ಆಡಬಹುದು ಎಂದೂ ಅವನಿಗೆ ಆಸೆ.

ಅವನು ಗಾಡಿಯನ್ನು ಒಂದು ಹೆಸರಾದ ಗ್ಯಾರೇಜಿಗೆ ಒಯ್ದ. ಗ್ಯಾರೇಜಿನವನು ಗಾಡಿಯ ಕೆಳಗೆ ಬಗ್ಗಿ ನೋಡಿ ಎದ್ದು, "ಇಷ್ಟು ಎತ್ತರದ ಗಾಡಿ ವಾಲಾಕ ಬೇಕ್ರಿ. ವಾಲಬಾರದು ಅಂದ್ರ ಮಾಡಿ ಕೊಡ್ತೀನಿ. ಆದ್ರ ಮೆತ್ತಗ ಇರೂದಿಲ್ಲ, ರಸ್ತೆದ ಕಲ್ಲೆಲ್ಲ ಸೀಟಿಗೆ ಗೊತ್ತಾಕ್ಕಾವು," ಎಂದ.

"ಆಗಲಿ," ಎಂದ ವ್ಯಾಪಾರಿ.

ಗ್ಯಾರೇಜಿನವನು ಮೆತ್ತನೆಯ ಸ್ಪ್ರಿಂಗುಗಳನ್ನು ತೆಗೆದು ಬಿಗಿಯಾದವನ್ನು ಹಾಕಿದ. ಶಾಕ್ ಅಬ್ಸಾರ್ಬರುಗಳನ್ನು ಬದಲಿಸಿದ. ಎಡ ಬಲ ಗಾಲಿಗಳನ್ನು ಕೂಡಿಸುವ ಅಡ್ಡ ಸರಳನ್ನು ದಪ್ಪದ್ದು ಹಾಕಿದ. ಅಗಲವಾದ ಟೈರು ಹಾಕಿದ. ಗಾಡಿಯನ್ನು ಮೂರು ಬೆರಳು ತಗ್ಗಿಸಿದ. ಕೆಲಸ ಒಳ್ಳೆಯ ಕೆಲಸ. ಅದರಲ್ಲಿ ದೋಷವಿರಲಿಲ್ಲ.

ಮುಂದಿನ ತಿಂಗಳು ಇಬ್ಬರೂ ಹೊರಟರು. ಘಟ್ಟದ ಮೊದಲ ಎಡ ತಿರುವು ಬಂತು. ಗಾಡಿ ಹಳಿಯ ಮೇಲೆ ಹೋದಂತೆ ಹೋಯಿತು. ಹೆಂಡತಿ ಕುಳಿತಲ್ಲೇ ಇದ್ದಳು. ಎರಡನೆಯ ತಿರುವೂ ಹಾಗೆಯೇ ಹೋಯಿತು. ಅವಳು ಚಾಲಕನನ್ನು ಕೇಳಿದಳು.

"ಗಾಡಿಗೆ ಏನ್ ಮಾಡೀರೋ?"

"ವಾಲೂದನ್ನ ತೆಗಸ್ಯಾರ್ರೀ, ಅಕ್ಕಾರ. ತಿರುವಿನ್ಯಾಗ ನೀವು ಅವರ ಮ್ಯಾಲೆ ಬೀಳ್ತೀರಂತ ಸಾವ್ಕಾರ್ರು ಮುದ್ದಾಂ ಮಾಡಿಸ್ಯಾರ. ಈಗ ನೀರಿನ ವಾಟಗಾ ಇಟ್ರೂ ಚೆಲ್ಲೂದಿಲ್ಲ."

"ಹೌದಾ," ಎಂದಳು ಅವಳು.

ನಿನ್ನ ಸಲುವಾಗಿ ಮಾಡಿಸಿದೆ ಎಂದು ವ್ಯಾಪಾರಿಗೆ ಹೇಳಬೇಕೆನಿಸಿತು. ಅಷ್ಟು ವರ್ಷ ಮಾತಿಲ್ಲದೆ ಇದ್ದವನ ಬಾಯಿಗೆ ಅದು ಬರಲಿಲ್ಲ. ಹೆಂಡತಿ ಬುತ್ತಿಯ ಚೀಲವನ್ನು ನಡುವೆ ಇನ್ನಷ್ಟು ಅವನ ಕಡೆಗೆ ಸರಿಸಿ, ಕಿಟಕಿಗೆ ಒತ್ತಿ ಕುಳಿತಳು. ಘಟ್ಟ ಇಳಿಯುವವರೆಗೂ ಅವನ ಎಡ ತೋಳು ಪ್ರತಿ ತಿರುವಿಗೂ ಕಾಯಿತು. ಹಾಗೆ ಕಾಯುವುದು ಅದಕ್ಕೆ ರೂಢಿಯಾಗಿದೆ ಎಂದು ಅವನಿಗೆ ಅಂದೇ ತಿಳಿದದ್ದು.

ತಿಂಗಳು ಕಳೆಯಿತು, ಮತ್ತೊಂದು ತಿಂಗಳು ಕಳೆಯಿತು. ಅಂಗಡಿಯಲ್ಲಿ ಗಾದಿಯ ಮೇಲೆ ಕುಳಿತರೂ ಅವನ ಮನಸ್ಸು ಘಟ್ಟದ ತಿರುವಿನಲ್ಲಿ ಇರುತ್ತಿತ್ತು. ಕಡೆಗೆ ಅವನು ಮತ್ತೆ ಗ್ಯಾರೇಜಿಗೆ ಹೋಗಿ, ಗಾಡಿಯನ್ನು ಮೊದಲಿನಂತೆ ಮಾಡಿಕೊಡು ಎಂದ.

ಗ್ಯಾರೇಜಿನವನು ನಕ್ಕ. "ಗಾಡಿ ವಾಲಂಗ ಮಾಡು ಅಂತ ರೊಕ್ಕಾ ಕೊಡಾವ್ರು ನೀವ ಮೊದಲಿಗ್ರು ನೋಡ್ರಿ, ಸಾವ್ಕಾರ್ರ."

ಆದರೂ ಮಾಡಿಕೊಟ್ಟ. ಹಳೆಯ ಸ್ಪ್ರಿಂಗು, ಹಳೆಯ ಸರಳು ಅವನ ಹತ್ತಿರವೇ ಇದ್ದವು. ಒಂದನ್ನೂ ಬಿಡದೆ ಎಲ್ಲವನ್ನೂ ಮೊದಲಿದ್ದ ಜಾಗಕ್ಕೆ ಹಾಕಿದ. ವ್ಯಾಪಾರಿ ತಾನೇ ಊರ ಹೊರಗೆ ಓಡಿಸಿ ನೋಡಿದ. ಗಾಡಿ ಮೊದಲಿನಂತೆಯೇ ವಾಲಿತು. ಅವನಿಗೆ ಸಂತೋಷವಾಯಿತು.

ಆ ಸಲ ಹೊರಡುವಾಗ ಅವನು ಸೀಟಿನ ನಡುವಿನ ಪತ್ರಿಕೆಯನ್ನು ತೆಗೆದ. ಬುತ್ತಿಯ ಚೀಲವನ್ನು ಮುಂದಿನ ಸೀಟಿಗೆ ಇಡಿಸಿದ. ತಾನು ಬಲ ಕಿಟಕಿಯಿಂದ ಒಂದು ಗೇಣು ಒಳಗೆ ಸರಿದು ಕುಳಿತ. ಬಯಲು ಮುಗಿಯಿತು. ಘಟ್ಟ ಬಂತು. ಮೊದಲ ಎಡ ತಿರುವು ಕಂಡಿತು. ಅವನು ಹೊರಗೆ ನೋಡುತ್ತ, ಎಡ ತೋಳನ್ನು ಅಲುಗಿಸದೆ ಕುಳಿತ.

ಗಾಡಿ ವಾಲಿತು. ಹೆಂಡತಿ ಕೈ ಎತ್ತಿ ತನ್ನ ಕಿಟಕಿಯ ಮೇಲಿನ ಹಿಡಿಕೆಯನ್ನು ಹಿಡಿದುಕೊಂಡಳು.

ಮುಂದೆ ರಸ್ತೆ ಬಲಕ್ಕೆ ತಿರುಗಿತು. ವ್ಯಾಪಾರಿಯ ಕೈ, ಅಭ್ಯಾಸದಂತೆ, ತನ್ನ ಹಿಡಿಕೆಗೆ ಹೋಯಿತು. ಸಮುದ್ರ ಕಾಣುವವರೆಗೆ ಇಬ್ಬರೂ ಹಾಗೆಯೇ ಕುಳಿತು ಘಟ್ಟ ಇಳಿದರು.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು.

ಶಾಂತವೀರಪ್ಪ ಇಂಜಿನಿಯರಲ್ಲವೇ, ಅವರಿಗೆ ಲೆಕ್ಕ ಕೂಡಲಿಲ್ಲ. "ಗಾಡಿ ಮೊದಲಿನಂಗನ ಆತಲ್ರೀ, ಅಜ್ಜಾರ. ಸ್ಪ್ರಿಂಗು ಅದ, ಸರಳೂ ಅದ. ಮತ್ತ ಆಕಿ ಯಾಕ ವಾಲಲಿಲ್ಲ?" ಎಂದು ಕೇಳಿದರು.

"ಆ ಹಿಡಿಕಿ ಮೊದಲೂ ಅಲ್ಲೇ ಇತ್ತಲ್ಲೋ, ಶಾಂತವೀರಾ," ಎಂದರು ಗುರುಗಳು.

ಅಲ್ಲಿಗೆ ಅಂದಿನ ಪಾಠ ಮುಗಿಯಿತು.

ಏಳುವಾಗ ನಾನು ಗುರುಗಳನ್ನು ಕೇಳಿ ಖರ್ಚಿನ ಬಾಬ್ತು ಬರೆದುಕೊಂಡೆ. ಅದು ಆ ಪುಟದ ಕೆಳಗೆ ಹೀಗಿದೆ. ಗಾಡಿ ವಾಲದಂತೆ ಮಾಡಿಸಲು ನಾಲ್ಕು ಲಕ್ಷ ಹತ್ತು ಸಾವಿರ ರೂಪಾಯಿ. ಮೊದಲಿನಂತೆ ಮಾಡಿಸಲು, ಹಳೆಯ ಸಾಮಾನು ಇದ್ದುದರಿಂದ, ಕೂಲಿ ಮಾತ್ರ, ಮೂವತ್ತೆಂಟು ಸಾವಿರ. ಇವಲ್ಲದೆ, ಘಟ್ಟದ ಎಡ ತಿರುವುಗಳು, ಎಲ್ಲವೂ.