ಕಲ್ಲೆಲೆಯ ಇನ್ನೊಂದು ಹೋಳು

ನದಿಯ ದಡದಲ್ಲಿದ್ದ ಆ ಆಶ್ರಮದಲ್ಲಿ ಮಂತ್ರ ಕಮ್ಮಿ, ಕಲ್ಲು ಜಾಸ್ತಿ.

ಮನುಷ್ಯ ಹುಟ್ಟುವುದಕ್ಕೂ ಎಷ್ಟೋ ಮೊದಲೇ ಅಳಿದುಹೋದ ಗಿಡಗಳ ಎಲೆಗಳು ಆ ಕಲ್ಲುಗಳೊಳಗೆ ಅಚ್ಚಾಗಿ ಉಳಿದಿದ್ದವು. ಅವನ್ನು ಓದುವುದು ಹೇಗೆಂದು ಗುರು ಹಂಪಯ್ಯನವರು ಕಲಿಸುತ್ತಿದ್ದರು.

ಒಂದು ಬೆಳಗ್ಗೆ ಶಿಷ್ಯೆ ಮಂದಾಕಿನಿ ಓಡೋಡಿ ಬಂದಳು. ಸೆರಗಿನಲ್ಲಿ ಒಂದು ಕಲ್ಲು, ಮುಖದಲ್ಲಿ ಹಬ್ಬ.

"ಹೊಸ ಗಿಡ, ಗುರುಗಳೇ! ಈ ಎಲೆಯ ನರ ನೋಡಿ, ಬಲೆ ಹೆಣೆದ ಹಾಗಿದೆ. ನಮ್ಮಲ್ಲಿರೋ ಯಾವ ಎಲೆಗೂ ಹೀಗಿಲ್ಲ. ನಾಳೆ ಆಚೆ ದಡದ ವಿದ್ವಾಂಸರು ಬರ್ತಾರಲ್ಲ, ಅವರು ಹೂಂ ಅಂದರೆ ಹೆಸರಿಡೋ ಹಕ್ಕು ನಂದು."

"ಏನಂತ ಇಡ್ತೀಯಮ್ಮಾ?"

"ನಿಮ್ಮ ಹೆಸರನ್ನೇ."

"ಅಳಿದುಹೋದ ಗಿಡಕ್ಕಾ? ನಾನಿನ್ನೂ ಎರಡು ಹೊತ್ತು ಊಟ ಮಾಡ್ತಾ ಇದ್ದೀನಲ್ಲೇ ತಾಯಿ!"

ಗುರು ಕಲ್ಲನ್ನು ಎಳೆಬಿಸಿಲಿಗೆ ಓರೆಯಾಗಿ ಹಿಡಿದರು.

"ನರ ಬೇರೆ ಇದ್ದಮಾತ್ರಕ್ಕೆ ಗಿಡ ಬೇರೆ ಅನ್ನೋಕಾಗಲ್ಲ. ಒಂದೇ ಮರದ ಎಲೆಗಳೇ ಒಂದರ ಹಾಗೆ ಇನ್ನೊಂದಿರಲ್ಲ. ಗಿಡದ ಗುರುತು ಇರೋದು ಬೀಜದಲ್ಲಿ. ಇದರ ಬೀಜ ಎಲ್ಲಿ?"

"ಬೀಜ ಇಲ್ಲ. ಬರೀ ಎಲೆ."

"ನಡುನರದ ಬುಡದಲ್ಲಿ ಗೀರಿದೆಯಲ್ಲ. ಇಲ್ಲಿ ಏನಿತ್ತು?"

"ಅದಾ? ಕಡಲೆಕಾಳಿನಷ್ಟು ಕರೀ ಕಲೆ. ಎಲೆಯ ಅಂದ ಕೆಡಿಸ್ತಿತ್ತು. ಸೂಜಿಯಿಂದ ಕೆರೆದು ತೆಗೆದೆ."

ಗುರು ಆ ಗೀರಿನ ಮೇಲೆ ಮೆಲ್ಲಗೆ ಬೆರಳಾಡಿಸಿದರು. ಬೈದಿದ್ದರೆ ಮಂದಾಕಿನಿಗೆ ಎಷ್ಟೋ ಹಗುರವಾಗುತ್ತಿತ್ತು.

"ಅದು... ಕಲೆ ಅಲ್ವಾ?" ಎಂದಳು, ಸಣ್ಣ ದನಿಯಲ್ಲಿ.

"ಇದ್ದಿದ್ದರೆ ಹೇಳ್ತಿದ್ದೆ."

ಅವಳ ಮುಖದ ಹಬ್ಬ ಮುಗಿಯಿತು.

"ಕಲ್ಲು ಒಡೆದಾಗ ಎಷ್ಟು ಹೋಳಾಯಿತು?"

"ಎರಡು."

"ಇನ್ನೊಂದೆಲ್ಲಿ?"

"ಅದರಲ್ಲಿ ಎಲೆ ಇರಲಿಲ್ಲ, ಗುರುಗಳೇ. ಎಲೆ ಕೂತಿದ್ದ ತಗ್ಗು ಅಷ್ಟೇ. ಹಿತ್ತಲ ರಾಶಿಗೆ ಎಸೆದೆ."

ಗುರು ಪಂಚೆ ಎತ್ತಿಕಟ್ಟಿ ಹಿತ್ತಲಿಗೆ ನಡೆದರು.

ಶಿಷ್ಯರು ಬೇಡವೆಂದು ಎಸೆದ ಕಲ್ಲುಗಳದೇ ಅಲ್ಲೊಂದು ಗುಡ್ಡ. ಗುರು ಒಂದು ಕಡೆ, ಶಿಷ್ಯೆ ಒಂದು ಕಡೆ ಕುಕ್ಕರಗಾಲಲ್ಲಿ ಕೂತರು. ಜಾತಕ ಕೂಡಿಸುವವರ ಹಾಗೆ ಒಂದೊಂದೇ ಹೋಳನ್ನು ಎತ್ತಿ ಎಲೆಯ ಕಲ್ಲಿಗೆ ಹೊಂದಿಸಿ ನೋಡಿದರು. ಯಾವುದೂ ಕೂಡಿಬರಲಿಲ್ಲ. ಬಿಸಿಲು ನೆತ್ತಿಗೇರಿತು. ಮಂದಾಕಿನಿಯ ಉಗುರು ಮುರಿಯಿತು.

ಕೊನೆಗೆ ಒಂದು ಹೋಳು ಪಟ್ಟಂತ ಕೂತಿತು. ನಡುವೆ ಕೂದಲು ತೂರುವಷ್ಟೂ ಸಂದಿಲ್ಲ.

ಅವಳು ಉಸಿರು ಬಿಗಿಹಿಡಿದು ಅದನ್ನು ಬಿಡಿಸಿ ತೋರಿಸಿದಳು.

ಎಲೆಯ ತಗ್ಗಿನ ಬುಡದಲ್ಲಿ, ಗೀರಿದ್ದ ಜಾಗಕ್ಕೆ ಸರಿಯಾಗಿ, ಕಡಲೆಕಾಳಿನಷ್ಟು ಇನ್ನೊಂದು ಪುಟ್ಟ ತಗ್ಗು. ಅದರ ಸುತ್ತ ತೆಳ್ಳಗೆ, ನಿರಿಗೆ ಹಿಡಿದಂಥ ಅಂಚು.

ಗುರು ಮೂಗು ಕಲ್ಲಿಗೆ ತಾಗುವಷ್ಟು ಬಗ್ಗಿದರು. "ಎಲೆಯ ಬೆನ್ನ ಮೇಲೇ ಬೀಜ! ಅದಕ್ಕೊಂದು ರೆಕ್ಕೆ ಬೇರೆ! ಗಾಳಿಗೆ ಹಾರ್ತಿತ್ತೋ, ನೀರಲ್ಲಿ ತೇಲ್ತಿತ್ತೋ? ಇಂಥದ್ದನ್ನ ನಾನು ನೋಡೇ ಇಲ್ಲ ಕಣಮ್ಮಾ."

"ಹಾಗಾದರೆ ಹೊಸದೇ?"

"ಹೊಸದೇ."

ಮಂದಾಕಿನಿ ಕುಣಿದಾಡಿಬಿಡುತ್ತಿದ್ದಳು. ಅಷ್ಟರಲ್ಲಿ ಆಚೆ ದಡದ ವಿದ್ವಾಂಸರ ನೆನಪಾಯಿತು. ಅವರ ನಾಲಿಗೆಗಳು ಅವಳ ಸೂಜಿಗಿಂತ ಚೂಪು.

"ಗುರುಗಳೇ, ನಾಳೆ ಈ ತಗ್ಗಿನ ಹೋಳೊಂದನ್ನೇ ತೋರಿಸಿದರೆ ಸಾಲದಾ? ಎಲ್ಲಾ ಇದರಲ್ಲೇ ಇದೆಯಲ್ಲ."

"ಇದರ ಜೋಡಿ ಎಲ್ಲಿ ಅಂತ ಕೇಳಿದರೆ?"

"ಸಿಗಲಿಲ್ಲ ಅಂತೀನಿ."

ಗುರು ಎರಡೂ ಹೋಳುಗಳನ್ನು ಪಂಚೆಯ ಚುಂಗಿನಿಂದ ಒರೆಸಿದರು. ಒಂದನ್ನು ಅವಳ ಎಡಗೈಗಿಟ್ಟರು, ಇನ್ನೊಂದನ್ನು ಬಲಗೈಗಿಟ್ಟರು.

"ಬೀಜವನ್ನೇ ಕೆರೆದು ಹಾಕಿದವಳು ಅಂತ ನಗ್ತಾರೆ," ಎಂದಳು ಮಂದಾಕಿನಿ. "ನನ್ನ ಮಾತನ್ನೇ ನಂಬದೆ ಎದ್ದು ಹೋದರೆ? ಯಾವುದರಿಂದ ಶುರು ಮಾಡಲಿ, ನೀವೇ ಹೇಳಿ."

"ಗೀರಿನಿಂದ," ಎಂದರು ಗುರು.