ಅಧ್ಯಕ್ಷರ ಕುರ್ಚಿ ಮತ್ತು ಮೂರು ಬೀರು

ಮೈಸೂರಿನ ಒಂದು ಸಂಗೀತ ಶಾಲೆಯಲ್ಲಿ ಒಬ್ಬ ಗುಮಾಸ್ತನಿದ್ದ. ಮಕ್ಕಳ ಪಿಟೀಲು ವಾದ್ಯವೃಂದಕ್ಕೆ ಸ್ವರ ಹಂಚಿ ಬರೆದುಕೊಡುವುದು ಅವನ ಕೆಲಸ. ಶಾಲೆಯ ಅಧ್ಯಕ್ಷರಾದ ಚಲುವರಾಜಯ್ಯನವರು ಇಟಲಿಗೆ ಹೋಗಿ ಒಪೆರಾ ನೋಡಿಕೊಂಡು ಬಂದರು. ಬಂದವರೇ ಅಪ್ಪಣೆ ಮಾಡಿದರು.

"ಅಲ್ಲಿ ಕೇಳಿದ ಹಾಡು ವಾರ್ಷಿಕೋತ್ಸವಕ್ಕೆ ಬೇಕು ಕಣಯ್ಯ. ನಾನು ಕೇಳಿದ ಹಾಗೇ ಇರಬೇಕು. ನಮ್ಮ ಮಕ್ಕಳ ಹಿಂದೆ ನಿಲ್ಲುವ ಆ ಮೂರು ಬೀರು ಮಾತ್ರ ಬೇಡ!"

ಅಧ್ಯಕ್ಷರ ಬಾಯಲ್ಲಿ ಬೀರು ಅಂದರೆ ಡಬಲ್ ಬಾಸ್, ದಪ್ಪ ದನಿಯ ಆಳೆತ್ತರದ ಪಿಟೀಲು. ಅದನ್ನು ನುಡಿಸುವ ಮೂವರು ಹುಡುಗಿಯರು ಮೂರು ವರ್ಷದಿಂದ ಬರೀ ಧುಂ ಧುಂ ಎಂದು ತಾಳ ಹಾಕಿಕೊಂಡಿದ್ದರು. ಈಗ ಅದಕ್ಕೂ ಸಂಚಕಾರ ಬಂತು.

"ಅಲ್ಲಿ ಯಾರು ಹಾಡಿದರು ಸ್ವಾಮಿ?" ಎಂದು ಗುಮಾಸ್ತ ಕೇಳಿದ.

"ಅಬ್ಬಾ! ಆನೆಯಂಥ ಆಳು, ಗುಡುಗಿನಂಥ ದಪ್ಪ ದನಿ. ಅವನು ಬಾಯಿ ತೆರೆದರೆ ನಾನು ಕೂತ ಕುರ್ಚಿಯೇ ನಡುಗಿತು!"

"ಹಾಗೇ ಬರೀತೀನಿ ಸ್ವಾಮಿ."

ವಾರ್ಷಿಕೋತ್ಸವದ ದಿನ ಅಧ್ಯಕ್ಷರು ಈ ಕುರ್ಚಿಯ ಕತೆಯನ್ನು ಭಾಷಣದಲ್ಲೂ ಹೇಳಿ, ಮುಂದಿನ ಸಾಲಿನಲ್ಲಿ ಕೂತರು. ಪರದೆ ಎದ್ದಿತು. ಮೂರು ಬೀರುಗಳೂ ಎದುರಿಗೇ ನಿಂತಿವೆ! ಪಿಟೀಲುಗಳು ಮೆಲ್ಲಗೆ ತಂತಿ ಮೀಟಿದವು. ಡಬಲ್ ಬಾಸುಗಳು ಹಾಡತೊಡಗಿದವು!

ಅಧ್ಯಕ್ಷರು ಕೆಂಡವಾದರು. "ಬೀರುಗಳಿಗೆ ಹಾಡು ಕೊಟ್ಟವನು ಯಾವನಯ್ಯ?" ಎಂದು ಹಲ್ಲು ಕಡಿದರು.

ಪಕ್ಕದಲ್ಲೇ ನಿಂತಿದ್ದ ಗುಮಾಸ್ತ ಬಗ್ಗಿ, "ಸ್ವಾಮಿ, ಕುರ್ಚಿಯ ಮೇಲೆ ಒಂಚೂರು ಕೈಯಿಟ್ಟು ನೋಡಿ" ಎಂದ.

ಇಟ್ಟರು. ಮರದ ಕುರ್ಚಿ ಝುಂ ಎಂದು ನಡುಗುತ್ತಿತ್ತು. ಸಭೆಯವರೆಲ್ಲ ತಮ್ಮ ತಮ್ಮ ಕುರ್ಚಿ ಮುಟ್ಟಿಕೊಂಡು ಅಧ್ಯಕ್ಷರ ಮುಖವನ್ನೇ ನೋಡುತ್ತಿದ್ದರು. ಕುರ್ಚಿ ನಡುಗಿಸಿದ ಹಾಡನ್ನು ಈಗ ಬೈದರೆ ತಾವೇ ಹೇಳಿದ ಇಟಲಿಯ ಕತೆ ಸುಳ್ಳಾಗುತ್ತದೆ.

ಹಾಡು ಮುಗಿಯಿತು. ಅಧ್ಯಕ್ಷರು ಎದ್ದು ನಿಂತು, ಎಲ್ಲರಿಗಿಂತ ಮೊದಲು ಕೂಗಿದರು:

"ಒನ್ಸ್ ಮೋರ್!"